ಪೆಟ್ಟಿಗೆಯ ಮುಂದೆ ಏಳು ಬೈಕುಗಳು

ಅವನನ್ನು ಎಲ್ಲರೂ ಕರಡಿ ಎನ್ನುತ್ತಿದ್ದರು. ಎದುರಿಗೇ ಅಂದರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಆರಡಿಗೆ ಎರಡು ಬೆರಳು ಮೇಲೆ ಎತ್ತರ, ಎದೆಗೆ ಇಳಿದ ಗಡ್ಡ, ಮುಂಗೈಯಿಂದ ಭುಜದವರೆಗೆ ಹಚ್ಚೆ, ಬೇಸಿಗೆಯಲ್ಲೂ ಮೈಬಿಡದ ಕಪ್ಪು ಚರ್ಮದ ಜಾಕೆಟ್ಟು. ಅವನ ಬೈಕು ನಮ್ಮ ಬೀದಿಯ ತಿರುವಿನಲ್ಲಿ ಗುಡುಗಿದರೆ ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಬ್ಯಾಂಕಿನ ಕಾವಲುಗಾರ ಅವನು ಒಳಗೆ ಬಂದಾಗಲೆಲ್ಲ ಸ್ಟೂಲಿನಿಂದ ಎದ್ದು ನಿಲ್ಲುತ್ತಿದ್ದ. ಅದು ಗೌರವಕ್ಕಂತೂ ಅಲ್ಲ.

ಈ ಮನುಷ್ಯ ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಹಲ್ಲು ಕಟ್ಟುವ ಕೆಲಸ. ದಂತವೈದ್ಯರ ಕ್ಲಿನಿಕ್ಕಿನ ಹಿಂದೆ ಒಂದು ಉದ್ದನೆಯ ಕಿರಿದಾದ ಕೋಣೆ. ಅಲ್ಲಿ ಅವನ ಮೇಜು, ಸ್ಪಿರಿಟ್ ದೀಪ, ಗುಲಾಬಿ ಬಣ್ಣದ ಮೇಣ, ಸುಣ್ಣದ ಹಾಗೆ ಎಲ್ಲದರ ಮೇಲೂ ಕೂತ ಪ್ಲಾಸ್ಟರ್ ಧೂಳು. ಗೋಡೆಯುದ್ದಕ್ಕೂ ಊರಿನ ಮುದುಕರೆಲ್ಲರ ದವಡೆಯ ಅಚ್ಚುಗಳು. ಆ ದಪ್ಪ ಬೆರಳುಗಳಲ್ಲಿ ಸೂಜಿಯಂಥ ಉಪಕರಣ ಹಿಡಿದು ಒಂದು ಹಲ್ಲಿನ ಅಂಚನ್ನು ಮುಕ್ಕಾಲು ಗಂಟೆ ತೀಡುತ್ತ ಕೂರುತ್ತಿದ್ದ. ನಾನು ಅದೇ ಕಟ್ಟಡದ ಮುಂಭಾಗದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ನನ್ನ ತಾಯಿಯ ಹಲ್ಲುಸೆಟ್ಟನ್ನೂ ಅವನೇ ಮಾಡಿದ. ಮೊದಲ ದಿನ ಅದನ್ನು ಹಾಕಿಕೊಂಡು ಕನ್ನಡಿ ನೋಡಿದ ನನ್ನ ತಾಯಿ, ಇದು ನನ್ನ ನಗುವೇ, ಇವನಿಗೆ ಹೇಗೆ ಗೊತ್ತಾಯಿತು ಎಂದು ಕಣ್ಣೊರೆಸಿಕೊಂಡಳು.

ಅವನಿಗೆ ಮದುವೆ ಆಗಿರಲಿಲ್ಲ. ಇದ್ದವಳು ಒಬ್ಬಳೇ ತಂಗಿ. ಅವಳ ಗಂಡ ಸೈನ್ಯದಲ್ಲಿದ್ದ, ಗಡಿಯಲ್ಲಿ ಸತ್ತ. ಹೆಣ ಬಂದ ದಿನವನ್ನು ಈ ಬೀದಿಯವರು ಮರೆಯುವ ಹಾಗಿಲ್ಲ, ಮರೆತಂತೆ ನಟಿಸುತ್ತೇವೆ ಅಷ್ಟೆ. ಒಂದು ಲಾರಿ, ಇಬ್ಬರು ಸಿಪಾಯಿಗಳು, ಹಗ್ಗದಿಂದ ಬಿಗಿದ ಪೆಟ್ಟಿಗೆ. ಲಾರಿಯವನು ಸಂತೆಯ ದಿನವೆಂದು ತಿಳಿಯದೆ ಮುಖ್ಯರಸ್ತೆಗೆ ನುಗ್ಗಿ ಸಿಕ್ಕಿಹಾಕಿಕೊಂಡ. ಹಿಂದಿನಿಂದ, ಮುಂದಿನಿಂದ ಹಾರನ್. ಯಾರೋ ಲಾರಿಯ ಬಾಗಿಲು ಬಡಿದು ಬೈದರು. ಒಳಗೇನಿದೆ ಎಂದು ಕೇಳಿದವರಿಲ್ಲ. ಕರಡಿ ಆ ಪೆಟ್ಟಿಗೆಯ ಪಕ್ಕ ಕೂತಿದ್ದ. ಕೊನೆಗೆ ಫೋನು ತೆಗೆದು, ವಾರಕ್ಕೊಮ್ಮೆ ಜೊತೆಯಾಗಿ ಬೈಕು ಓಡಿಸುತ್ತಿದ್ದ ಗೆಳೆಯರನ್ನು ಕರೆದ. ಆರು ಜನ ಬಂದರು. ರಸ್ತೆಯ ಎರಡು ಬಾಯಿಗೂ ಬೈಕು ಅಡ್ಡ ನಿಲ್ಲಿಸಿ, ಜನರ ಬೈಗುಳ ತಿಂದು, ಲಾರಿಗೆ ದಾರಿ ಬಿಡಿಸಿ, ನಡಿಗೆಯ ವೇಗದಲ್ಲಿ ಮುಂದೆ ಮುಂದೆ ಹೋಗುತ್ತ ಪೆಟ್ಟಿಗೆಯನ್ನು ಮನೆ ಮುಟ್ಟಿಸಿದರು. ಅವನ ತಂಗಿ ಎಂಟು ವರ್ಷದ ಮಗಳ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಂದು ಅವಳು ಅಣ್ಣನಿಗೆ ಹೇಳಿದ್ದು ಒಂದೇ ಮಾತು, ನೀವಿಷ್ಟು ಜನವಾದರೂ ಇದ್ದಿರಲ್ಲ ಎಂದು.

ಆ ಒಂದು ಮಾತು ಅವನನ್ನು ಹದಿಮೂರು ವರ್ಷ ಓಡಿಸಿತು.

ಯುದ್ಧ ಎಂದು ಯಾರೂ ಬಾಯಿಬಿಟ್ಟು ಹೇಳದ ಆ ಯುದ್ಧ ನಿಲ್ಲಲೇ ಇಲ್ಲ. ವರ್ಷಕ್ಕೆ ಇಬ್ಬರೋ ಮೂವರೋ ಸುತ್ತಮುತ್ತಲಿನ ಊರುಗಳಿಗೆ ಪೆಟ್ಟಿಗೆಯಲ್ಲಿ ವಾಪಸಾಗುತ್ತಿದ್ದರು. ಸುದ್ದಿ ಸಿಕ್ಕ ಕೂಡಲೇ ಆ ಏಳು ಜನ ರೈಲುನಿಲ್ದಾಣದ ಸರಕು ಗೇಟಿನ ಹೊರಗೆ ಸೇರುತ್ತಿದ್ದರು. ಅವರಲ್ಲಿ ಮೇಷ್ಟ್ರು ಎಂದು ಕರೆಸಿಕೊಳ್ಳುತ್ತಿದ್ದವರು ಹೈಸ್ಕೂಲಿನಲ್ಲಿ ನಿಜಕ್ಕೂ ಲೆಕ್ಕ ಹೇಳಿಕೊಡುತ್ತಿದ್ದರು. ಹೆರಿಗೆ ವಾರ್ಡಿನ ಒಬ್ಬ ನರ್ಸಮ್ಮ ಇದ್ದಳು, ಬೈಕಿನ ಮೇಲೆ ಕೂತರೆ ನೆಲಕ್ಕೆ ಕಾಲು ಎಟುಕದಷ್ಟು ಗಿಡ್ಡ. ಉಳಿದವರೂ ಬೇಕರಿ, ಬಸ್ ಡಿಪೋ ಎಂದು ದುಡಿದು ತಿನ್ನುವವರೇ. ಅವರಿಗೆ ಅವರೇ ಕಟ್ಟು ಮಾಡಿಕೊಂಡಿದ್ದರು: ಅಂದು ಒಂದು ತೊಟ್ಟೂ ಕುಡಿಯಬಾರದು, ಎಕ್ಸಿಲರೇಟರ್ ಹಿಂಡಿ ಸದ್ದು ಮಾಡಬಾರದು, ಫೋಟೊ ತೆಗೆಯಬಾರದು, ಮನೆಯವರು ಮಾತಾಡಿಸದೆ ಮಾತಾಡಬಾರದು. ಮನೆ ಹತ್ತಿರವಾದಾಗ ಇಂಜಿನ್ನು ಆರಿಸಿ ಕೊನೆಯ ನೂರು ಹೆಜ್ಜೆ ಬೈಕನ್ನು ತಳ್ಳಿಕೊಂಡೇ ಹೋಗಬೇಕು. ಕರಡಿಯ ಬೈಕಿನ ತೂಕಕ್ಕೆ, ಏರು ಇದ್ದ ಬೀದಿಗಳಲ್ಲಿ ಅವನ ಜಾಕೆಟ್ಟು ಬೆನ್ನಿಗೆ ಅಂಟಿಕೊಳ್ಳುತ್ತಿತ್ತು.

ಜನ ಅವರನ್ನು ಮೊದಲೇನೂ ಒಳ್ಳೆಯ ಕಣ್ಣಿನಿಂದ ನೋಡಲಿಲ್ಲ. ಪೊಲೀಸರು ಎರಡು ಸಲ ಅರ್ಧ ದಾರಿಯಲ್ಲಿ ತಡೆದು ಕಾಗದಪತ್ರ ಕೇಳಿದರು. ಒಂದು ಮನೆಯಲ್ಲಿ ಸತ್ತವನ ತಂದೆಯೇ ಗೇಟಿಗೆ ಬೀಗ ಹಾಕಿದ. ನಿವೃತ್ತ ಪೋಸ್ಟ್‌ಮ್ಯಾನ್. ಈ ಪುಂಡರನ್ನು ಕರೆದವರು ಯಾರು, ನನ್ನ ಮಗನ ಹೆಣದ ಮುಂದೆ ಸರ್ಕಸ್ಸು ಬೇಡ ಎಂದು ಬಾಯಿಗೆ ಟವೆಲ್ಲು ಒತ್ತಿಕೊಂಡು ತೊದಲಿದ. ಏಳು ಜನರೂ ರಸ್ತೆಯ ಆಚೆ ಬದಿಗೆ ಹೋಗಿ ತಲೆ ತಗ್ಗಿಸಿ ನಿಂತರು. ಕರಡಿ ಮಾತ್ರ ಆ ಟವೆಲ್ಲನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಗೇಟಿನ ಹತ್ತಿರ ಹೋಗಿ ಮೆಲ್ಲಗೆ ಕೇಳಿದ.

"ಯಜಮಾನ್ರೇ, ಸೆಟ್ಟು ಮುರೀತಾ?"

ಮುದುಕ ಬೆಚ್ಚಿ ನೋಡಿದ. ಮಗನ ಸುದ್ದಿ ಬಂದ ದಿನ ಸೆಟ್ಟು ಕೈಜಾರಿ ಬಚ್ಚಲಿನ ಕಲ್ಲಿನ ಮೇಲೆ ಬಿದ್ದು ಎರಡು ಹೋಳಾಗಿತ್ತಂತೆ. ಬೊಚ್ಚುಬಾಯಿ ಇಟ್ಟುಕೊಂಡು ಅಧಿಕಾರಿಗಳ ಎದುರು ಮಗನ ಬಗ್ಗೆ ನಾಲ್ಕು ಮಾತು ಹೇಗೆ ಆಡಲಿ ಎನ್ನುವುದು, ಅಷ್ಟು ದೊಡ್ಡ ದುಃಖದ ನಡುವೆ ಅವನನ್ನು ಕೊರೆಯುತ್ತಿದ್ದ ಸಣ್ಣ ಸಂಕಟ. ಕರಡಿ ಆ ಹೋಳುಗಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಹೋದ. ಒಂದೂಮುಕ್ಕಾಲು ಗಂಟೆಯಲ್ಲಿ ಬೆಸೆದು, ಉಜ್ಜಿ, ತೊಳೆದು ತಂದುಕೊಟ್ಟ. ಮಣ್ಣು ಮಾಡುವ ಮೊದಲು ಪೋಸ್ಟ್‌ಮ್ಯಾನ್ ನೆಟ್ಟಗೆ ನಿಂತು ಮಾತಾಡಿದ, ಒಂದಕ್ಷರವೂ ಜಾರಲಿಲ್ಲ. ಆಮೇಲೆ ಗೇಟು ತೆಗೆದು ಏಳು ಜನಕ್ಕೂ ತನ್ನ ಕೈಯಾರೆ ಚಹಾ ಕೊಟ್ಟ. ಅಲ್ಲಿಂದ ಮುಂದೆ ಆ ಭಾಗದಲ್ಲಿ ಯಾರೂ ಅವರಿಗೆ ಬೀಗ ಹಾಕಲಿಲ್ಲ.

ಕರಡಿಯ ಸೊಸೆಯ ವಿಷಯ ಹೇಳಬೇಕು, ತಂಗಿಯ ಮಗಳು. ಚೋಟುದ್ದ ಇದ್ದಳು, ಮಾತು ಖಾರ. ಬೈಕಿನವರೆಲ್ಲ ಅವಳಿಗೆ ಮೆಣಸು ಎಂದು ಹೆಸರಿಟ್ಟಿದ್ದರು. ಶಾಲೆ ಬಿಟ್ಟ ಮೇಲೆ ಅವಳು ಮಾವನ ಕೋಣೆಯಲ್ಲೇ ಇರುತ್ತಿದ್ದಳು. ಮೇಣದಲ್ಲಿ ಹಲ್ಲು ಮಾಡಿ ನನ್ನ ಅಂಗಡಿಗೆ ತಂದು, ಇದು ನಿಮಗೇ ಅಂಕಲ್, ಈಗಲೇ ಅಳತೆ ಕೊಟ್ಟಿಡಿ ಎಂದು ಕೀಟಲೆ ಮಾಡುತ್ತಿದ್ದಳು. ಹನ್ನೆರಡನೇ ವಯಸ್ಸಿಗೆ ಮಾವನ ಬೈಕಿನ ಹಿಂದೆ ಕೂತು ಸಾಲಿನ ಬಾವುಟ ಹಿಡಿದಳು. ಸತ್ತವರ ಹೆಸರು, ಊರು, ವಯಸ್ಸು ಎಲ್ಲ ಅವಳ ಬಾಯಲ್ಲೇ ಇರುತ್ತಿತ್ತು. ಹೆಸರು ಹೇಳುವಾಗ ಮೇಷ್ಟ್ರು ತಡವರಿಸಿದರೆ ಅವಳು ಸರಿಮಾಡುತ್ತಿದ್ದಳು. ತಂಗಿಗೂ ಅದು ಸಮಾಧಾನವೇ ಆಗಿತ್ತು. ತಂದೆಯನ್ನು ರಜೆಯ ದಿನಗಳಲ್ಲಷ್ಟೇ ಕಂಡಿದ್ದ ಹುಡುಗಿಗೆ ತಂದೆಯ ಹತ್ತಿರ ಹೋಗುವ ಒಂದು ದಾರಿ ಸಿಕ್ಕಿದೆಯಲ್ಲ ಎಂದುಕೊಂಡಿದ್ದಳು.

ಹತ್ತೊಂಬತ್ತು ತುಂಬಿದ ತಿಂಗಳು ಮೆಣಸು ಒಂದು ಅರ್ಜಿ ತಂದು ನನ್ನ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿದಳು. ಸೈನ್ಯದ ಡ್ರೈವರ್ ಕೆಲಸದ ಅರ್ಜಿ. ನಾನು ಓದಿ, ಪ್ರತಿ ತೆಗೆದು ಕೊಟ್ಟೆ. ಅಲ್ಲಿಂದ ಅವಳು ನೇರ ಹಿಂದಿನ ಕೋಣೆಗೆ ಹೋದಳು. ಪರಿಚಯಸ್ಥರೊಬ್ಬರ ಸಹಿ ಬೇಕಿತ್ತು. ಕರಡಿ ನನಗೆ ಆಮೇಲೆ ಹೇಳಿದ ಹಾಗೆ, ಅವನು ಅರ್ಜಿಯನ್ನು ಎರಡು ಸಲ ಓದಿದ. ಅಮ್ಮನಿಗೆ ಗೊತ್ತೇ ಎಂದು ಕೇಳಿದ. ಇಲ್ಲ ಎಂದಳು. ಯಾಕೆ ಹೋಗುತ್ತೀಯ ಎಂದು ಕೇಳಿದ.

"ಇಷ್ಟು ಜನ ಹೋದ್ರಲ್ಲ ಮಾವ, ಒಬ್ಬರ ಹೆಸರಾದ್ರೂ ನಾವು ಮರ್ತಿದೀವಾ?" ಎಂದಳು. "ನಮ್ಮ ಕಾಲೇಜಲ್ಲಿ ಬದುಕಿರೋರ ಹೆಸರೇ ಯಾರಿಗೂ ಗೊತ್ತಿಲ್ಲ."

ಅವನು ಸಹಿ ಹಾಕಿದ. ಆ ಕ್ಷಣ ತನಗೆ ಹೆಮ್ಮೆಯಾಯಿತು ಎಂದು ಅವನು ನನ್ನ ಹತ್ತಿರ ಒಪ್ಪಿಕೊಂಡ. ತಂಗಿಗೆ ವಿಷಯ ತಿಳಿದದ್ದು ಮಗಳು ತರಬೇತಿಗೆ ಹೊರಡುವ ಹಿಂದಿನ ದಿನ. ಅವಳು ಕೂಗಾಡಲಿಲ್ಲ. ಮಗಳ ಬಟ್ಟೆಗಳನ್ನು ಮಡಚಿಟ್ಟಳು, ಪೆಟ್ಟಿಗೆಯ ಬೀಗದ ಕೈ ದಾರಕ್ಕೆ ಕಟ್ಟಿ ಕೊಟ್ಟಳು. ಅಣ್ಣನ ಕಡೆ ಮಾತ್ರ ತಿರುಗಿ ನೋಡಲಿಲ್ಲ.

ಎರಡು ವರ್ಷ ಮೆಣಸು ಲಾರಿ ಓಡಿಸಿದಳು. ರಜೆಗೆ ಬಂದಾಗ ಭುಜ ಅಗಲವಾಗಿತ್ತು, ಮಾತು ಕಡಿಮೆಯಾಗಿತ್ತು. ಕೊನೆಯ ರಜೆಯಲ್ಲಿ ಒಂದು ಪೆಟ್ಟಿಗೆ ಬಂತು. ಅವಳು ಬಾವುಟ ಹಿಡಿಯಲು ಒಪ್ಪಲಿಲ್ಲ. ನೀವು ಹೋಗಿ ಬನ್ನಿ ಮಾವ ಎಂದು ಮನೆಯಲ್ಲೇ ಉಳಿದಳು. ಯಾಕೆ ಎಂದು ಕರಡಿ ಕೇಳಲಿಲ್ಲ. ಕೇಳಬೇಕಿತ್ತು ಎಂದು ಈಗ ದಿನಾ ಹೇಳುತ್ತಾನೆ.

ಆಮೇಲಿನ ಸುದ್ದಿ ಅವನಿಗೆ ತಿಳಿದ ರೀತಿ ಶತ್ರುವಿಗೂ ಬೇಡ. ಒಂದು ಮಧ್ಯಾಹ್ನ ಕ್ಲಿನಿಕ್ಕಿಗೆ ಸೈನ್ಯದ ಕಚೇರಿಯಿಂದ ಫೋನು ಬಂತು. ರಸ್ತೆಯಲ್ಲಿ ಹುಗಿದಿಟ್ಟ ಬಾಂಬಿಗೆ ಒಂದು ಲಾರಿ ಸಿಕ್ಕಿ ಸುಟ್ಟುಹೋಗಿದೆ, ಒಳಗೆ ಮೂವರಿದ್ದರು, ಯಾರು ಯಾರೆಂದು ಖಚಿತಪಡಿಸಿಕೊಳ್ಳಲು ಹಲ್ಲಿನ ದಾಖಲೆ ಬೇಕು ಎಂದರು. ಮನೆಯವರಿಗೆ ಇನ್ನೂ ತಿಳಿಸಿಲ್ಲ ಎಂದೂ ಹೇಳಿದರು. ವೈದ್ಯರು ಹುಡುಗಿಯ ಹೆಸರನ್ನು ಜೋರಾಗಿ ಮತ್ತೆ ಕೇಳಿದರು. ಕರಡಿ ಬಾಗಿಲಲ್ಲೇ ನಿಂತಿದ್ದ.

ಮೆಣಸಿನ ಮೇಲ್ದವಡೆಯ ಮುಂದಿನ ಹಲ್ಲೊಂದು ಅವನೇ ಮಾಡಿದ್ದು. ಹದಿನಾರರಲ್ಲಿ ಬೈಕು ಕಲಿಯುವಾಗ ಬಿದ್ದು ಅರ್ಧ ಹಲ್ಲು ಮುರಿದುಕೊಂಡಿದ್ದಳು. ಪಕ್ಕದ ಹಲ್ಲಿನಲ್ಲಿ ತುದಿಗೆ ಒಂದು ಬಿಳಿಯ ಚುಕ್ಕೆ ಇತ್ತು; ಇವನು ಎರಡು ದಿನ ಕೂತು ಹೊಸ ಹಲ್ಲಿಗೂ ಅಂಥದೇ ಚುಕ್ಕೆ ಇಟ್ಟಿದ್ದ. ಈಗ ಆ ಕಚೇರಿಯವರು ಕಳಿಸಿದ ಚಿತ್ರ ಕಂಪ್ಯೂಟರಿನ ಮೇಲೆ ತೆರೆದಾಗ ವೈದ್ಯರು ನೋಡಬೇಡ ಎಂದರು. ಅವನು ನೋಡಿದ. ಉಳಿದದ್ದೆಲ್ಲ ಕಪ್ಪಾಗಿತ್ತು. ಬೆಂಕಿಗೂ ಕರಗದೆ ಆ ಹಲ್ಲು ಹಾಗೇ ಇತ್ತು. ನನ್ನ ಕೆಲಸ ಎಂದಷ್ಟೇ ಹೇಳಿ, ಕಾಗದಕ್ಕೆ ವೈದ್ಯರಿಂದ ಸಹಿ ಹಾಕಿಸಿ, ತಂಗಿಯ ಮನೆಗೆ ನಡೆದುಕೊಂಡು ಹೋದ. ಬೈಕು ಎರಡು ದಿನ ಕ್ಲಿನಿಕ್ಕಿನ ಮುಂದೆಯೇ ನಿಂತಿತ್ತು.

ತಂಗಿ ಬಾಗಿಲಲ್ಲಿ ಅವನ ಮುಖ ನೋಡಿಯೇ ತಿಳಿದುಕೊಂಡಳು. ಅವಳು ಅತ್ತದ್ದು ಆಮೇಲೆ. ಮೊದಲು ಅಡಿಗೆಮನೆಗೆ ಹೋಗಿ ಒಲೆ ಆರಿಸಿ ಬಂದು ಎದುರು ಕೂತಳು.

"ಅಣ್ಣ, ಒಂದು ಮಾತು. ಗಾಡಿಗಳು ಬರಬಾರದು," ಎಂದಳು. "ಬಾವುಟ, ಸಾಲು, ಏನೂ ಬೇಡ. ನಿನ್ನ ಕಾಲಿಗೆ ಬೀಳ್ತೀನಿ."

ಅವನು ಆಗಲಿ ಎಂದ.

"ಸಾವನ್ನ ನೀನು ಅಷ್ಟು ಚೆಂದ ಮಾಡಿ ತೋರಿಸಬಾರದಿತ್ತು ಅವಳಿಗೆ."

ಅವನು ಎದ್ದು ಹೊರಗೆ ಬಂದ.

ಅವನು ಆರು ಜನರಿಗೂ ತಿಳಿಸಿದ. ಪೆಟ್ಟಿಗೆ ಬರುವ ದಿನ ಅವರೆಲ್ಲ ಬಸ್ಸಿನಲ್ಲಿ ಬಂದರು. ಮೇಷ್ಟ್ರು ಶಾಲೆಗೆ ಹಾಕುವ ಅಂಗಿಯಲ್ಲಿ, ನರ್ಸಮ್ಮ ಸೀರೆಯಲ್ಲಿ. ಕರಡಿ ನನ್ನಿಂದ ಒಂದು ಬಿಳಿ ಅಂಗಿ ಎರವಲು ಕೇಳಿದ. ನನ್ನದು ಅವನಿಗೆ ಆಗುವ ಹಾಗಿರಲಿಲ್ಲ, ಬೇಕರಿಯವನದು ಹೊಂದಿತು. ತೋಳಿನ ಗುಂಡಿ ಹಾಕಿ ಹಚ್ಚೆ ಮುಚ್ಚಿಕೊಂಡ. ಅವರು ಜನರ ನಡುವೆ ಜನರಾಗಿ ಗೋಡೆಯ ಪಕ್ಕ ನಿಂತರು. ಕರಡಿಯನ್ನು ಬಿಟ್ಟರೆ, ಜಾಕೆಟ್ಟಿಲ್ಲದ ಉಳಿದ ಆರು ಜನರನ್ನು ಊರಿನ ಬಹುತೇಕರು ಗುರುತೇ ಹಿಡಿಯಲಿಲ್ಲ.

ಆದರೆ ಸುದ್ದಿ ಫೋನುಗಳಲ್ಲಿ ಎಲ್ಲೆಲ್ಲಿಗೋ ಹೋಗಿತ್ತು. ತಂದೆಯೂ ಸೈನ್ಯದಲ್ಲಿ, ಮಗಳೂ ಸೈನ್ಯದಲ್ಲಿ, ಇಬ್ಬರೂ ಸತ್ತರು ಎನ್ನುವುದು ಜನಕ್ಕೆ ಸಾಮಾನ್ಯ ಸುದ್ದಿಯಲ್ಲ. ಲಾರಿ ಬೀದಿಯ ತುದಿಗೆ ಬರುವಷ್ಟರಲ್ಲಿ ಅದರ ಮುಂದೆ ಬೈಕುಗಳ ಹಿಂಡೇ ಇತ್ತು. ನಲವತ್ತಕ್ಕೂ ಹೆಚ್ಚು. ಬೇರೆ ಊರಿನ ಯುವಕರು, ಹೊಳೆಯುವ ಹೊಸ ಗಾಡಿಗಳು, ಒಂದೇ ಬಗೆಯ ಕಪ್ಪು ಜಾಕೆಟ್ಟು, ಬೆನ್ನಿನ ಮೇಲೆ ರೆಕ್ಕೆಯ ಚಿತ್ರ, ಹೆಲ್ಮೆಟ್ಟಿಗೆ ಕ್ಯಾಮೆರಾ. ಎಲ್ಲರೂ ಒಟ್ಟಿಗೆ ಎಕ್ಸಿಲರೇಟರ್ ಹಿಂಡಿ ನಿಂತಲ್ಲೇ ಗುಡುಗಿಸಿದರು. ಕಿಟಕಿಯ ಗಾಜು ನಡುಗಿತು. ಅದೇ ಅವರ ಪ್ರಕಾರ ವಂದನೆ.

ಕರಡಿ ಓಡಿಹೋಗಿ ಮುಂದಿನವನ ಹ್ಯಾಂಡಲ್ ಹಿಡಿದ. ದಯವಿಟ್ಟು ಆರಿಸಿ, ತಾಯಿ ಬೇಡ ಅಂದಿದ್ದಾಳೆ ಎಂದು ಕೈಮುಗಿದ. ಆ ಯುವಕ ಕೆಟ್ಟವನೇನಲ್ಲ. ಅವನ ಕಣ್ಣಲ್ಲೂ ನೀರಿತ್ತು.

"ಅಂಕಲ್, ಗೌರವ ಕೊಡೋಕೆ ಇನ್ನೂರು ಕಿಲೋಮೀಟರಿಂದ ಬಂದಿದೀವಿ," ಎಂದ. "ನಮಗೆ ದಾರಿ ತೋರ್ಸಿದ್ದೇ ಈ ಊರಿನ ಬೈಕಿನವ್ರು. ಅವ್ರ ಕಥೆ ಕೇಳಿ ನಾವು ಶುರು ಮಾಡಿದ್ದು."

ತನ್ನ ಎದುರು ನಿಂತ ಬಿಳಿ ಅಂಗಿಯ ಮುದುಕ ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಕರಡಿಯೂ ಹೇಳಲಿಲ್ಲ. ಹಿಂದಿನವರು ಗಾಡಿ ಮುಂದೆ ಬಿಟ್ಟರು, ಇವನು ಪಕ್ಕಕ್ಕೆ ಸರಿಯಬೇಕಾಯಿತು. ಮೆರವಣಿಗೆ ಮನೆಯ ಬಾಗಿಲವರೆಗೂ ಗುಡುಗುತ್ತಲೇ ಹೋಯಿತು. ತಂಗಿ ಎರಡೂ ಕಿವಿ ಮುಚ್ಚಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು.

ಆ ಕ್ಯಾಮೆರಾಗಳ ವಿಡಿಯೊವನ್ನು ಲಕ್ಷಾಂತರ ಜನ ನೋಡಿದರಂತೆ. ಬೈಕಿನವರೆಂದರೆ ಪುಂಡರಲ್ಲ, ಅವರಿಗೂ ಹೃದಯವಿದೆ ಎಂದು ಪತ್ರಿಕೆಯಲ್ಲಿ ಬಂತು. ಬ್ಯಾಂಕಿನ ಕಾವಲುಗಾರ ಆ ಪುಟ ಕತ್ತರಿಸಿ ತಂದು, ನಿಜವಾದ ಗೌರವದಿಂದ ಕರಡಿಯ ಕೈಗೆ ಕೊಟ್ಟ. ಅವನು ಅದನ್ನು ತೆಗೆದುಕೊಂಡು ಥ್ಯಾಂಕ್ಸ್ ಎಂದ. ಹದಿಮೂರು ವರ್ಷ ಅವನು ಬಯಸಿದ್ದು ಅದನ್ನೇ.

ಮಣ್ಣು ಮಾಡಿ ಮೂರು ದಿನದ ಮೇಲೆ ಅವನು ತಂಗಿಯ ಮನೆಗೆ ಹೋದ. ಜೊತೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದ, ಒಬ್ಬನೇ ಹೋಗಲು ಧೈರ್ಯವಿರಲಿಲ್ಲ. ಆ ಯುವಕರನ್ನು ತಾನು ಕರೆಸಲಿಲ್ಲ, ತಡೆಯಲು ಹೋಗಿದ್ದೆ ಎಂದ; ಬೇಕಾದರೆ ಇವರನ್ನು ಕೇಳು ಎಂದು ನನ್ನನ್ನು ತೋರಿಸಿದ. ನಾನು ಹೌದಮ್ಮ ಎಂದೆ. ಅವಳು ನಮ್ಮಿಬ್ಬರನ್ನೂ ಒಮ್ಮೆ ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ವಾಸಿಯಿತ್ತು.

"ನೀನು ಕರೀಲಿಲ್ಲ, ನಂಬ್ತೀನಿ," ಎಂದಳು. "ಕಲಿಸಿದ್ದು ನೀನೇ ಅಲ್ವಾ ಅಣ್ಣ."

ಬಾಗಿಲು ಮುಚ್ಚಿಕೊಂಡಳು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿಸಿತು.

ಆ ಏಳು ಜನರ ಗುಂಪು ಅಲ್ಲಿಗೇ ಮುಗಿಯಿತು. ಮೇಷ್ಟ್ರು ಗಾಡಿ ಮಾರಿದರು. ನರ್ಸಮ್ಮ ಒಂದೆರಡು ಸಲ ಫೋನು ಮಾಡಿ ಇಂಥ ಊರಿಗೆ ಪೆಟ್ಟಿಗೆ ಬರುತ್ತಿದೆ, ಹೋಗೋಣವೇ ಎಂದು ಕೇಳಿದಳು. ಕರಡಿ, ನೀವು ಹೋಗಿ ಬನ್ನಿ ಎಂದ. ಅವಳೂ ಹೋಗಲಿಲ್ಲ. ಆ ಯುವಕರು ಮೊದಲ ವರ್ಷ ಎಲ್ಲ ಕಡೆ ಹೋದರು, ಎರಡನೇ ವರ್ಷ ಕಡಿಮೆಯಾದರು. ಈಗ ಪೆಟ್ಟಿಗೆಗಳು ಬರುತ್ತವೆ, ಲಾರಿಯವನು ದಾರಿ ಕೇಳಿಕೊಂಡು ಹೋಗುತ್ತಾನೆ.

ಕರಡಿ ಇಂದಿಗೂ ಹಿಂದಿನ ಕೋಣೆಯಲ್ಲಿ ಹಲ್ಲು ಮಾಡುತ್ತಾನೆ. ಮುಂದಿನ ಹಲ್ಲುಗಳ ಕೆಲಸವನ್ನು ವೈದ್ಯರು ಬೇರೆಯವರಿಗೆ ಕೊಡುತ್ತಾರೆ. ಭಾನುವಾರ ಬೆಳಿಗ್ಗೆ ಅವನು ತಂಗಿಯ ಮನೆಯ ಮೆಟ್ಟಿಲ ಮೇಲೆ ಹೋಗಿ ಕೂರುತ್ತಾನೆ. ಬಾಗಿಲು ತಟ್ಟುವುದಿಲ್ಲ. ಒಳಗೆ ಪಾತ್ರೆಯ ಸದ್ದು, ನಲ್ಲಿಯ ಸದ್ದು ಕೇಳಿಸುತ್ತದಂತೆ. ಅವಳು ಇದ್ದಾಳೆ ಎಂದು ಖಾತ್ರಿಯಾದ ಮೇಲೆ ಎದ್ದು ಬರುತ್ತಾನೆ. ಮಳೆಗಾಲದಲ್ಲಿ ಒಂದು ದಿನ ನಾನೇ ಕೊಡೆ ಹಿಡಿದು ಹೋಗಿ ಎಬ್ಬಿಸಿ ತಂದೆ. ಎಷ್ಟು ವರ್ಷ ಹೀಗೆ ಕೂರುತ್ತೀಯ ಮಾರಾಯ ಎಂದು ದಾರಿಯಲ್ಲಿ ಕೇಳಿದೆ.

"ಗೊತ್ತಿಲ್ಲ," ಎಂದ. "ಅವಳಿಗೆ ಇನ್ಯಾರಿದ್ದಾರೆ ಹೇಳು."

ಹೋದ ತಿಂಗಳು ಅವಳು ಮೆಟ್ಟಿಲಿರುವ ಮುಂಬಾಗಿಲಿಗೆ ಹಲಗೆ ಹೊಡೆಸಿ, ಹಿಂಬಾಗಿಲಿಂದ ಓಡಾಡಲು ಶುರುಮಾಡಿದ್ದಾಳೆ.